ಕಲ್ಯಾಣದ ಓಣಿಗಳು

ಹುಮನಾಬಾದಿನ ದಾರಿಯಾಗಿ ಬಸವಕಲ್ಯಾಣಕ್ಕೆ ಬರುವ ಯಾತ್ರಿಕನು ಕೋಟೆಯನ್ನು ನೋಡುತ್ತಾನೆ, ಶರಣರ ಗವಿಗಳಿಗೆ ಕೈಮುಗಿಯುತ್ತಾನೆ. ಹಳೆಯ ಊರಿನ ಓಣಿಗಳನ್ನು ಹೊಗುವವರು ವಿರಳ. ತರಗತಿಯಲ್ಲಿ ವಚನಗಳನ್ನು ಪಾಠ ಹೇಳುವ ನನಗಾದರೋ ಕಲ್ಯಾಣವೆಂದೊಡನೆ ನೆನಪಾಗುವುದು ಆ ಓಣಿಗಳೇ. ಗೋಡೆಗೆ ಗೋಡೆ ತಾಗಿದ ಮನೆಗಳು. ಅಣ್ಣತಮ್ಮಂದಿರು ಪಾಲಾದಂತೆಲ್ಲ ಒಂದು ಅಂಕಣ ಎರಡಾಗಿ, ಕಿಟಕಿಯಿದ್ದ ಗೋಡೆ ಒಬ್ಬನ ಪಾಲಿಗೆ ಹೋಗಿ, ಉಳಿದವನಿಗೆ ಹಗಲಿನಲ್ಲಿಯೂ ದೀಪವೇ ಗತಿ.

ಕ್ಷಯದ ಕ್ರಿಮಿಯನ್ನು ಜರ್ಮನಿಯ ಕಾಕ್ ಎಂಬ ವೈದ್ಯನು 1882ರಲ್ಲಿಯೇ ತೋರಿಸಿಕೊಟ್ಟನು. ಕೆಮ್ಮಿದವನ ಉಸಿರಿನೊಡನೆ ಹೊರಬಿದ್ದ ಆ ಕ್ರಿಮಿ ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುವುದು. ಬಿಸಿಲು ತಾಗಿದರೆ ಹೆಚ್ಚು ಹೊತ್ತು ಬಾಳದು. ಔಷಧವನ್ನು ಸರಕಾರ ಧರ್ಮಾರ್ಥವಾಗಿ ಕೊಡುತ್ತದೆ, ಸರಿ, ಕಿಟಕಿಯನ್ನು ಕೊಡುವವರಾರು?

1898ರಲ್ಲಿ ಬೆಂಗಳೂರಿನ ಪೇಟೆಗೆ ಪ್ಲೇಗು ಹೊಕ್ಕಿತು. ಆ ಭೀತಿಯಿಂದ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಬೆಳೆದವು. (ಆ ಗುಡಿಯ ಬಸವ ಕಲ್ಲಿನ ನಂದಿ, ನಮ್ಮ ಅಣ್ಣನಲ್ಲ.) ಆದರೆ ಅಲ್ಲಿಗೆ ಹೋದವರು ಹೋಗಬಲ್ಲವರು; ಬಡವನು ಪೇಟೆಯಲ್ಲಿಯೇ ಉಳಿದನು.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲಿಟ್ಟರು. ಮಂಟಪ ಬೇಡವೆಂದು ನಾನೆನ್ನಲಾರೆ. ಓಣಿಯ ಚರಂಡಿಗೆ ಮುಚ್ಚಳ, ಕತ್ತಲೆಯ ಮಾಳಿಗೆಗೊಂದು ಬೆಳಕಿಂಡಿ, ಇವಕ್ಕೂ ಅದೇ ಉತ್ಸಾಹದಿಂದ ಹಣ ಗೊತ್ತುಪಡಿಸಲಿ ಎಂಬುದಷ್ಟೇ ನನ್ನ ಬಿನ್ನಹ.