ನೂರಾರು ಕುದುರೆ, ನಾಲ್ಕೇ ಟೈರು

2017ರಲ್ಲಿ ಅಮೆರಿಕದ ಎರಡು ಮಸಲ್ ಕಾರುಗಳು ಕೆಲವೇ ವಾರಗಳ ಅಂತರದಲ್ಲಿ ಅನಾವರಣಗೊಂಡವು. ಒಂದು ಷೆವರ್ಲೆಯ ಕ್ಯಾಮರೊ ಝಡ್‌ಎಲ್1 1ಎಲ್‌ಇ, ಇನ್ನೊಂದು ಡಾಡ್ಜ್ ಚಾಲೆಂಜರ್ ಡೀಮನ್. ಎರಡಕ್ಕೂ ಸೂಪರ್‌ಚಾರ್ಜ್ ಮಾಡಿದ ವಿ8 ಎಂಜಿನ್. ಆದರೆ ಸಸ್ಪೆನ್ಷನ್ ವಿಷಯದಲ್ಲಿ ಇವುಗಳ ದಾರಿಯೇ ಬೇರೆ ಬೇರೆ. ಕ್ಯಾಮರೊ ರೇಸ್ ಟ್ರ್ಯಾಕಿನ ತಿರುವುಗಳಿಗೆಂದು ಬಿಗಿಯಾಯಿತು. ಡೀಮನ್ ಮಾತ್ರ ತನ್ನ ಅಣ್ಣ ಹೆಲ್‌ಕ್ಯಾಟ್‌ಗಿಂತ ಶೇ 35ರಷ್ಟು ಮೃದುವಾದ ಮುಂದಿನ ಸ್ಪ್ರಿಂಗ್ ಹಾಕಿಸಿಕೊಂಡು ಬಂತು.

ಹಣ ಕೊಟ್ಟು ಯಾರಾದರೂ ಮೃದು ಸ್ಪ್ರಿಂಗ್ ಹಾಕಿಸುತ್ತಾರೆಯೇ? ಡ್ರ್ಯಾಗ್ ರೇಸ್‌ಗಾದರೆ ಹೌದು. ಅಲ್ಲಿ ತಿರುವೇ ಇಲ್ಲ, ಕಾಲು ಮೈಲಿಯ ನೇರ ಓಟವಷ್ಟೇ. ಆಕ್ಸಿಲರೇಟರ್ ತುಳಿದ ಕ್ಷಣ ಮೂತಿ ಮೇಲೆದ್ದು ಭಾರವೆಲ್ಲ ಹಿಂದಿನ ಟೈರುಗಳ ಮೇಲೆ ಕೂತರೆ ಹಿಡಿತ ಸಿಗುತ್ತದೆ. ಅದೇ ಕಾರನ್ನು ತಿರುವುಗಳ ಟ್ರ್ಯಾಕಿಗೆ ಇಳಿಸಿದರೆ ಆ ಮೃದುತನವೇ ಶತ್ರು. ಹಾಗಾಗಿ ‘ಯಾವ ಸಸ್ಪೆನ್ಷನ್ ಕಿಟ್ ಒಳ್ಳೆಯದು?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಈ ಕಾರಿನಿಂದ ನನಗೇನು ಬೇಕು?’ ಎಂಬಲ್ಲಿಂದಲೇ ಶುರು ಮಾಡಬೇಕು.

ಫೋರ್ಡ್ ಮಸ್ಟಾಂಗನ್ನೇ ನೋಡೋಣ. ದಶಕಗಳ ಕಾಲ ಅದರ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಕಟ್ಟುಬಿದ್ದಿದ್ದವು. 1999ರಿಂದ 2004ರವರೆಗಿನ ಕೋಬ್ರಾದಂಥ ಅಪವಾದ ಬಿಟ್ಟರೆ ಇದೇ ಕಥೆ. 2015ರ ಮಾದರಿಯಲ್ಲಿ ಮೊದಲ ಬಾರಿಗೆ ಎಲ್ಲ ಮಸ್ಟಾಂಗ್‌ಗಳಿಗೂ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಹೊಸ ಅನುಕೂಲದ ಜೊತೆ ಹೊಸ ತಕರಾರೂ ಬಂತು. ಈ ವ್ಯವಸ್ಥೆಯನ್ನೆಲ್ಲ ಹೊತ್ತ ಸಬ್‌ಫ್ರೇಮ್ ಕಾರಿನ ಒಡಲಿಗೆ ಅಂಟಿಕೊಳ್ಳುವುದು ರಬ್ಬರ್ ಬುಷ್‌ಗಳ ಮೂಲಕ. ಸದ್ದು, ಅದುರು ಒಳಗೆ ಬಾರದಿರಲೆಂದು ಆ ಏರ್ಪಾಟು. ಜೋರಾಗಿ ಹೊರಟಾಗ ರಬ್ಬರ್ ಹಿಂಡಿಕೊಂಡು ಸಬ್‌ಫ್ರೇಮೇ ತಿರುಚುತ್ತದೆ. ಟೈರ್ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಹಿಂಭಾಗ ದಡದಡ ಕುಣಿಯುತ್ತದೆ. ಇದಕ್ಕೆ ‘ವೀಲ್ ಹಾಪ್’ ಎನ್ನುತ್ತಾರೆ. ಇಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದಾದ ದುಬಾರಿ ಕಾಯಿಲ್‌ಓವರ್ ಹಾಕಿಸಿ ಪ್ರಯೋಜನವಿಲ್ಲ. ಸಬ್‌ಫ್ರೇಮ್ ಅಲುಗದಂತೆ ಬುಷ್‌ಗಳ ಸಂದಿನಲ್ಲಿ ಕೂರಿಸುವ ಸಣ್ಣ ಲೋಹದ ತುಂಡುಗಳು ಅದರ ಒಂದಂಶದ ಖರ್ಚಿನಲ್ಲಿ ಹೆಚ್ಚು ಕೆಲಸ ಮಾಡುತ್ತವೆ. ಬೆಲೆಯಾಗಿ ಡಿಫರೆನ್ಷಿಯಲ್‌ನ ಗುಂಯ್ ಸದ್ದು ತುಸು ಒಳಗೆ ಬರುತ್ತದೆ, ಅಷ್ಟೇ.

ಹೆಚ್ಚಿನವರು ಮೊದಲು ಕೈ ಹಾಕುವುದು ಲೋವರಿಂಗ್ ಸ್ಪ್ರಿಂಗ್‌ಗೆ. ಚಕ್ರಕ್ಕೂ ಫೆಂಡರಿಗೂ ನಡುವಿನ ಅಂತರ ಮುಚ್ಚಿದರೆ ಕಾರಿನ ನಿಲುವೇ ಬೇರೆ, ನಿಜ. ಆದರೆ ಒಂದಿಂಚು ಇಳಿಸಿದರೆ ಚಕ್ರ ಮೇಲೇಳಲು ಇದ್ದ ಜಾಗದಲ್ಲಿ ಒಂದಿಂಚು ಖೋತಾ. ಗುಂಡಿಗೆ ಬಿದ್ದಾಗ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬೇಗ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಸ್ಪ್ರಿಂಗ್ ಮಾಡಬೇಕಾದ ಕೆಲಸವನ್ನು ರಬ್ಬರ್ ತುಂಡು ಮಾಡತೊಡಗುತ್ತದೆ. ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಮಸ್ಟಾಂಗ್‌ನಂತೆ ಮುಂದೆ ಸ್ಟ್ರಟ್ ಇರುವ ಕಾರನ್ನು ತೀರಾ ಇಳಿಸಿದರೆ ಕೆಳಗಿನ ಕಂಟ್ರೋಲ್ ಆರ್ಮ್‌ನ ಚಕ್ರದ ತುದಿ ಮೇಲಕ್ಕೇಳುತ್ತದೆ. ಆಗ ಕಾರಿನ ಗುರುತ್ವಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ಅದು ವಾಲುವ ಕೇಂದ್ರ ಇಳಿಯುತ್ತದೆ. ತಗ್ಗಿಸಿದ ಕಾರು ತಿರುವಿನಲ್ಲಿ ಕಡಿಮೆ ವಾಲಬೇಕಿತ್ತು. ಸ್ಪ್ರಿಂಗ್ ಅಷ್ಟಕ್ಕಷ್ಟೇ ಬಿಗಿಯಾಗಿದ್ದರೆ ಅದು ಇನ್ನಷ್ಟು ವಾಲುವುದೂ ಉಂಟು.

ಸ್ಪ್ರಿಂಗ್ ಬಿಗಿ ಮಾಡಿ ಹಳೆಯ ಡ್ಯಾಂಪರ್ ಉಳಿಸಿಕೊಂಡರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಸ್ಪ್ರಿಂಗ್ ಭಾರ ಹೊರುತ್ತದೆ. ಅದು ಕುಣಿಯದಂತೆ ತಡೆಯುವುದು ಡ್ಯಾಂಪರ್. ಬಿಗಿ ಸ್ಪ್ರಿಂಗ್ ಜೋರಾಗಿ ಹಿಂದೆ ಚಿಮ್ಮುತ್ತದೆ, ಅದನ್ನು ಅಂಕೆಯಲ್ಲಿಡುವ ತಾಕತ್ತು ಹಳೆಯದಕ್ಕೆ ಇರುವುದಿಲ್ಲ. ಹಾಗಾಗಿ ಖರ್ಚಿಗೆ ಮಿತಿಯಿದ್ದರೆ ಒಳ್ಳೆಯ ಡ್ಯಾಂಪರ್‌ಗೆ ಮೊದಲ ಮಣೆ. ಕಾರಿನಲ್ಲಿ ಮ್ಯಾಗ್ನರೈಡ್ ಇದ್ದರೆ ಮಾತ್ರ ಅವಸರ ಬೇಡ. ಈ ಡ್ಯಾಂಪರಿನಲ್ಲಿ ಕಬ್ಬಿಣದ ಕಣಗಳು ಬೆರೆತ ದ್ರವ, ಪಿಸ್ಟನ್ನಿನೊಳಗೆ ವಿದ್ಯುತ್ ಕಾಂತ. ಕ್ಷಣಾರ್ಧದಲ್ಲಿ ಬಿಗಿ, ಕ್ಷಣಾರ್ಧದಲ್ಲಿ ಮೆದು. 2018ರಿಂದ ಮಸ್ಟಾಂಗ್ ಜಿಟಿಗೂ ಸಿಕ್ಕ ಈ ಸೌಲಭ್ಯ ದಿನನಿತ್ಯದ ರಸ್ತೆಗೆ ಸಾಕಷ್ಟು ಜಾಣ. ಆದರೆ ಅಪ್ಪಟ ಟ್ರ್ಯಾಕ್ ಕಾರಾದ 1ಎಲ್‌ಇಗಾಗಿ ಷೆವರ್ಲೆ ಇದೇ ಬಗೆಯ ಡ್ಯಾಂಪರ್ ಕಳಚಿ, ವಿದ್ಯುತ್ತಿನ ನಂಟೇ ಇಲ್ಲದ ಮಲ್ಟಿಮ್ಯಾಟಿಕ್ ಡ್ಯಾಂಪರ್ ಹಾಕಿತು.

ವಾಲಾಟ ತಗ್ಗಿಸಲು ಎಡ ಬಲ ಚಕ್ರಗಳನ್ನು ಬೆಸೆಯುವ ಆ್ಯಂಟಿ ರೋಲ್ ಬಾರ್ ಅಗ್ಗದ ದಾರಿ. ಅದರ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ: ಘನ ಸರಳಿನ ಬಾರ್ ಶೇ 10ರಷ್ಟು ದಪ್ಪವಾದರೆ ಬಿಗಿ ಸುಮಾರು ಶೇ 46ರಷ್ಟು ಹೆಚ್ಚು. ಹಾಗೆಂದು ತಿರುವಿನಲ್ಲಿ ಹೊರಗಿನ ಚಕ್ರಗಳಿಗೆ ದಾಟುವ ಒಟ್ಟು ಭಾರವನ್ನು ಬಾರ್ ಕಡಿಮೆ ಮಾಡದು. ಮುಂದೆಷ್ಟು, ಹಿಂದೆಷ್ಟು ಎಂಬ ಹಂಚಿಕೆಯನ್ನಷ್ಟೇ ಬದಲಿಸುತ್ತದೆ. ಮೂತಿ ಹೊರಕ್ಕೆ ಜಾರುವ ಕಾರಿಗೆ ಹಿಂದಿನ ಬಾರ್ ತುಸು ದಪ್ಪವಾದರೆ ಅದು ಚುರುಕಾಗುತ್ತದೆ. ಅತಿಯಾದರೆ ಮಳೆಯಲ್ಲಿ ಹಿಂಭಾಗ ಕೈಕೊಡುತ್ತದೆ.

ಮಸ್ಟಾಂಗ್ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2016ರಲ್ಲಿ. ಬೆಂಗಳೂರಿನ ಹಂಪುಗಳ ಮೇಲೆ ಅದನ್ನು ಓಡಿಸುವವರಿಗೆ ತಗ್ಗಿಸುವ ಮಾತೇ ದುಬಾರಿ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. ಏನೇ ಮಾಡಿಸುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸುವುದು ಒಳ್ಳೆಯದು.

ಯಾವ ಊರಿನ ರಸ್ತೆಯಾದರೂ ಖರ್ಚಿನ ಸರದಿ ಹೆಚ್ಚುಕಡಿಮೆ ಒಂದೇ. ಮೊದಲು ಒಳ್ಳೆಯ ಟೈರ್, ಸರಿಯಾದ ಅಲೈನ್‌ಮೆಂಟ್; ಆಮೇಲೆ ಡ್ಯಾಂಪರ್ ಮತ್ತು ಅದಕ್ಕೆ ಹೊಂದುವ ಸ್ಪ್ರಿಂಗ್; ಕೊನೆಯ ತಿದ್ದುಪಡಿಗೆ ಬಾರ್. ಸವೆದ ಟೈರನ್ನೇ ಓದಿ ನೋಡಿ: ಟ್ರ್ಯಾಕಿನಲ್ಲಿ ಓಡಿದ ಮುಂದಿನ ಟೈರಿನ ಹೊರ ಅಂಚು ಮಾತ್ರ ಉಜ್ಜಿಹೋಗಿದ್ದರೆ ಅದು ಕೇಳುತ್ತಿರುವುದು ಹೆಚ್ಚಿನ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು), ಹೊಸ ಸ್ಪ್ರಿಂಗ್ ಅಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ನಾಲ್ಕು ಭಾಗಗಳನ್ನು ಒಟ್ಟಿಗೆ ಬದಲಿಸಿದವನಿಗೆ ಕಾರು ಸುಧಾರಿಸಿತೋ ಕೆಟ್ಟಿತೋ ಗೊತ್ತಾದೀತು. ಯಾವುದರಿಂದ ಎಂಬುದು ಗೊತ್ತಾಗದು. ಮುಂದಿನ ದುಡ್ಡನ್ನು ಎಲ್ಲಿ ಹಾಕಬೇಕೆಂದು ತಿಳಿಯಲು ಬೇಕಾದದ್ದು ಆ ಎರಡನೇ ಉತ್ತರವೇ.