ಹೊಸರಿತ್ತಿಯ ಬಲಿ, ಶಿಲುಬೆಯ ಈಡು

ಸಂಸ್ಕೃತದಲ್ಲಿ ‘ಬಲಿ’ ಎಂಬ ಶಬ್ದಕ್ಕೆ ದೇವತೆಗೆ ಅರ್ಪಿಸುವ ವಸ್ತುವೆಂದಷ್ಟೇ ಅಲ್ಲ, ಪ್ರಜೆಯು ಅರಸನಿಗೆ ತೆರುವ ಕರವೆಂದೂ ಅರ್ಥವುಂಟು. ರಘುವಂಶದಲ್ಲಿ ಕಾಳಿದಾಸನು ದಿಲೀಪನ ಆಳಿಕೆಯನ್ನು ಬಣ್ಣಿಸುವಾಗ ಈ ಎರಡನೆಯ ಅರ್ಥವನ್ನೇ ಬಳಸಿರುವನು. ಕೊಂಡುದನ್ನು ಮಳೆಯಂತೆ ಮರಳಿ ಕೊಡದ ಅರಸನಿಗೆ ಕರವೆತ್ತುವ ಅಧಿಕಾರವೆಲ್ಲಿಯದು?

ಈ ಎರಡು ಅರ್ಥಗಳೂ ಒಂದೇ ದೇವಾಲಯದಲ್ಲಿ ಕೂಡಿದುದನ್ನು ನಮ್ಮ ಸೀಮೆಯು ಕಂಡಿದೆ. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ, ವೀರಭದ್ರನ ಗುಡಿಯೊಳಗೆ ಕಂದಾಯದ ಹಣವನ್ನಿರಿಸಿ ಪೋಲೀಸರು ಕಾವಲಿದ್ದರು. ರೈತರಿಂದ ವಸೂಲಾದ ಆ ಹಣವನ್ನು ಪರಕೀಯ ಸರಕಾರಕ್ಕೆ ಸೇರಗೊಡಬಾರದೆಂದು ಹೋದವರಲ್ಲಿ ಮೂವರು ಗುಂಡಿಗೆ ಬಿದ್ದರು: ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯಲ್ಲಿಯೇ ಆ ಊರು ಸಿಕ್ಕುವುದು. 1911ರಲ್ಲಿ ಜನಿಸಿದ ಅವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು.

ಆ ವರ್ಷದ ಶುಭ ಶುಕ್ರವಾರವು ಏಪ್ರಿಲ್ 23ಕ್ಕೆ, ಅಂದರೆ ಮೂರು ವಾರಗಳ ತರುವಾಯ, ಬಂದಿತ್ತು. ಅಂದು ಕ್ರೈಸ್ತರು ನೆನೆಯುವ ಬೆಟ್ಟದ ಮೇಲೆಯೂ ಸತ್ತವರು ಮೂವರು. ನಡುವಿನವನು ನಿರ್ದೋಷಿ, ಇಕ್ಕೆಲದವರು ಕಳ್ಳರು. ರೋಮಿನ ಕಾನೂನಿನ ಕಣ್ಣಿಗೆ ಮೂವರೂ ಒಂದೇ. ಹೊಸರಿತ್ತಿಯಲ್ಲಿಯೂ ಕಾನೂನು ಕಂಡುದು ಕೊಳ್ಳೆಯನ್ನಷ್ಟೇ. ಅನ್ಯಾಯದ ಮೈಗೆ ಕಾನೂನಿನ ಅಂಗಿ ಎಷ್ಟು ಸುಲಭವಾಗಿ ಹೊಂದುತ್ತದೆ!

ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ತನ್ನನ್ನು ಹಿಡಿಯಬಂದಾಗ ಯೇಸು ಶಿಷ್ಯನ ಕತ್ತಿಯನ್ನು ಒರೆಗೆ ಸೇರಿಸಹೇಳಿದನು. ಮಹಾದೇವಪ್ಪನವರ ತಂಡವಾದರೋ ಗುಪ್ತವಾಗಿದ್ದು ಸರಕಾರದ ಸೊತ್ತನ್ನು ನಾಶಮಾಡುತ್ತಿತ್ತು. 1944ರಲ್ಲಿ ಸೆರೆಯಿಂದ ಹೊರಬಂದ ಗಾಂಧೀಜಿಯವರು ಇಂತಹ ಗುಪ್ತಕಾರ್ಯವನ್ನು ಒಪ್ಪಲಿಲ್ಲ. ಅಷ್ಟಾದರೂ ನಮ್ಮ ಮನಸ್ಸು ಆ ಮೂವರ ಕಡೆಗೇ ಒಲಿಯುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳುವೆವು.

ಇನ್ನು ವಿಮೋಚನೆಯ ಮಾತು. ಕನ್ನಡ ಬೈಬಲ್ಲು ಯೇಸುವಿನ ಪ್ರಾಣಾರ್ಪಣೆಗೆ ‘ಈಡು’ ಎಂಬ ಪದವನ್ನು ಬಳಸಿದೆ. ಸಾಲಕ್ಕಾಗಿ ಹೊಲವನ್ನು ಈಡಿಟ್ಟ ಗೃಹಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ರೀಕ್ ಮೂಲದ ‘ಲುತ್ರೊನ್’ ಎಂಬುದೂ ಗುಲಾಮನನ್ನೋ ಸೆರೆಯಾಳನ್ನೋ ಬಿಡಿಸಲು ತೆರುವ ಹಣವೇ. ಬಿಡುಗಡೆ ಹೊಂದಿದವನು ಒಬ್ಬ, ಬೆಲೆ ತೆತ್ತವನು ಇನ್ನೊಬ್ಬ. ಯೇಸು ತೆತ್ತುದು ಸಮಸ್ತ ಮಾನವರ ಪಾಪಕ್ಕೆಂದು ಕ್ರೈಸ್ತರ ನಂಬುಗೆ. ಹೊಸರಿತ್ತಿಯಲ್ಲಿ ತೆತ್ತುದು ಒಂದು ನಾಡಿನ ದಾಸ್ಯಕ್ಕಾಗಿ.

ತೆತ್ತವರಲ್ಲಿ ಮಹಾದೇವಪ್ಪನವರ ಪತ್ನಿ ಸಿದ್ದಮ್ಮನವರನ್ನೂ ಎಣಿಸಬೇಕು. ಚಳವಳಿಯಲ್ಲಿ ಅವರೂ ಸೆರೆಮನೆ ಕಂಡವರು. ಶಿಲುಬೆಯ ಬಳಿ ನಿಂತ ತಾಯಿ ಮರಿಯಳನ್ನು ಕ್ರೈಸ್ತರು ಮರೆತಿಲ್ಲ. ನಮ್ಮಲ್ಲಿ ಮಡಿದವನಿಗೆ ವೀರಗಲ್ಲುಂಟು, ಸಹಗಮನಗೈದವಳಿಗೆ ಮಾಸ್ತಿಕಲ್ಲುಂಟು. ಉಳಿದು ಬಾಳಿದವಳಿಗೆ ಯಾವ ಕಲ್ಲೂ ಇಲ್ಲ.

ಹಾವೇರಿಯಲ್ಲಿ ವೀರಸೌಧವಿದೆ. 2018ರಲ್ಲಿ ಮಹಾದೇವಪ್ಪನವರ ಅಂಚೆಚೀಟಿಯೂ ಹೊರಟಿತು. ತಿರಕಪ್ಪ, ವೀರಯ್ಯ ಇವರ ಹೆಸರು ಹೇಳಬಲ್ಲ ಮಕ್ಕಳು ತಮ್ಮ ಮನೆಯಲ್ಲಿ ಎಷ್ಟು ಮಂದಿ ಇರುವರೆಂಬುದನ್ನು ವಾಚಕರೇ ಕೇಳಿ ನೋಡಲಿ.