ಎರಡು ನೆರೆಗಳ ಊರು

ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ, ಬಾಲ್ಟಿಮೋರ್ ನಗರದ ಪಶ್ಚಿಮಕ್ಕೆ, ಎಲಿಕಾಟ್ ಸಿಟಿ ಎಂಬ ಊರುಂಟು. 1772ರಲ್ಲಿ ಎಲಿಕಾಟ್ ಸಹೋದರರು ಅಲ್ಲಿ ಪಟಾಪ್ಸ್ಕೊ ನದಿಯ ದಡದಲ್ಲಿ ಹಿಟ್ಟಿನ ಗಿರಣಿ ಹೂಡಿದರು. ಗಿರಣಿಯ ಚಕ್ರ ತಿರುಗಲು ರಭಸದ ನೀರು ಬೇಕು. ಆದುದರಿಂದಲೇ ಊರು ಕಡಿದಾದ ಬಂಡೆಗಳ ನಡುವಣ ಕಣಿವೆಯಲ್ಲಿ ಬೆಳೆಯಿತು. ಅನ್ನವಿತ್ತ ನೀರೇ ಮುಂದೆ ಆಪತ್ತನ್ನೂ ತಂದಿತು.

ಈ ಊರಿಗೆ ನೆರೆಯು ಎರಡು ದಿಕ್ಕುಗಳಿಂದ ಬರುತ್ತದೆ. 1868ರಲ್ಲಿಯೂ 1972ರಲ್ಲಿಯೂ ನದಿ ಉಕ್ಕಿ, ನೀರು ಕೆಳಗಿನಿಂದ ಪೇಟೆಗೆ ಏರಿತು. 2016 ಮತ್ತು 2018ರಲ್ಲಿ ಹಾಗಾಗಲಿಲ್ಲ. ಪೇಟೆಯ ಮಗ್ಗುಲಲ್ಲಿ, ಕೆಲವೆಡೆ ಕಟ್ಟಡಗಳ ಅಡಿಯಲ್ಲಿಯೇ ಹರಿಯುವ ಟೈಬರ್, ಹಡ್ಸನ್ ಮೊದಲಾದ ಪುಟ್ಟ ತೊರೆಗಳು ಮೇಲಿನಿಂದ ನುಗ್ಗಿದವು. ಮುಖ್ಯ ಬೀದಿಯೇ ಹೊಳೆಯಾಯಿತು.

ಪುಟ್ಟ ತೊರೆಗೆ ಇಷ್ಟು ಬಲ ಎಲ್ಲಿಂದ ಬಂದಿತು?

2016ರ ಜುಲೈ 30ರ ರಾತ್ರಿ ಸುಮಾರು 150 ಮಿಲಿಮೀಟರು ಮಳೆ ಸುರಿಯಿತು. ಬಹುಭಾಗ ಎರಡು ಗಂಟೆಗಳೊಳಗೆ. ಒಂದು ಚದರ ಕಿಲೋಮೀಟರು ನೆಲದ ಮೇಲೆ ಇಷ್ಟು ಮಳೆ ಬಿದ್ದರೆ ನೀರು 15 ಕೋಟಿ ಲೀಟರು. ಅದೆಲ್ಲವೂ ಎರಡು ಗಂಟೆಗಳಲ್ಲಿ ಹರಿದುಹೋಗಬೇಕಾದರೆ ಸೆಕೆಂಡಿಗೆ 20 ಟನ್ನಿಗೂ ಮಿಗಿಲು! ಮೇಲಣ ದಿಣ್ಣೆಗಳಲ್ಲಿ ಮನೆಗಳೂ ಡಾಂಬರು ರಸ್ತೆಗಳೂ ಹರಡಿದ್ದವು. ಅವು ನೀರನ್ನು ಹೀರಲಾರವು. ಇಂತಹ ಬಿರುಮಳೆಯನ್ನು ಕಾಡಿನ ನೆಲವೂ ಪೂರ್ತಿಯಾಗಿ ಹೀರಲಾರದು.

ಇನ್ನು ವೇಗದ ಮಾತು. ಹರಿಯುವ ನೀರಿನ ನೂಕುಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ವೇಗ ಇಮ್ಮಡಿಸಿದರೆ ಬಲ ನಾಲ್ಮಡಿಸುತ್ತದೆ. ಸೆಕೆಂಡಿಗೆ 3 ಮೀಟರು ವೇಗದಲ್ಲಿ ಮೊಣಕಾಲುದ್ದ ಹರಿಯುವ ನೀರು, ಅದಕ್ಕೆದುರಾಗಿ ನಿಂತವನ ಕಾಲುಗಳನ್ನು ಸರಿಸುಮಾರು ಒಬ್ಬ ಮನುಷ್ಯನ ತೂಕದಷ್ಟು ಬಲದಿಂದ ನೂಕುತ್ತದೆ. ‘ಮೊಣಕಾಲುದ್ದವೇ ತಾನೆ’ ಎಂದು ನೆರೆಗಿಳಿಯಬಾರದೆಂಬುದಕ್ಕೆ ಕಾರಣವಿದು. ಆ ರಾತ್ರಿ ಮೋಟಾರುಗಳು ತೇಲಿಹೋದವು, ಇಬ್ಬರು ಮಡಿದರು.

ಇಂತಹ ಮಳೆ ಸಾವಿರ ವರ್ಷಕ್ಕೊಮ್ಮೆ ಎಂದು ತಜ್ಞರು ಗಣಿಸಿದರು. ಊರವರು ಅಂಗಡಿಗಳನ್ನು ಮತ್ತೆ ಕಟ್ಟಿದರು. ಆದರೆ 22 ತಿಂಗಳು ಕಳೆಯುವುದರೊಳಗೆ, 2018ರ ಮೇ 27ರಂದು, ಅದೇ ಬೀದಿಯಲ್ಲಿ ಮತ್ತೆ ನೆರೆ! ಇತರರ ನೆರವಿಗೆ ಧಾವಿಸಿದ ಒಬ್ಬ ಯೋಧನು ಕೊಚ್ಚಿಹೋದನು.

ಹಾಗಾದರೆ ಗಣಿತ ಸುಳ್ಳಾಯಿತೆ? ಇಲ್ಲ. ‘ಸಾವಿರ ವರ್ಷದ ಮಳೆ’ ಎಂದರೆ ಸಾವಿರ ವರ್ಷಗಳ ಬಿಡುವೆಂದಲ್ಲ. ಪ್ರತಿವರ್ಷವೂ ಸಾವಿರದಲ್ಲಿ ಒಂದು ಪಾಲು ಸಂಭವವೆಂದು ಅರ್ಥ. ನಾಣ್ಯಕ್ಕೆ ಹಿಂದಿನ ಚಿಮ್ಮು ನೆನಪಿರದಂತೆ, ಮೋಡಕ್ಕೂ ಹಿಂದಿನ ನೆರೆ ನೆನಪಿರದು. ಮೇಲಾಗಿ ಆ ಲೆಕ್ಕ ಹಳೆಯ ಮಳೆಯ ದಾಖಲೆಗಳಿಂದ ಬಂದುದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲುದು. ಬಿಸಿಯೇರುತ್ತಿರುವ ಭೂಮಿಯಲ್ಲಿ ಹಳೆಯ ಲೆಕ್ಕ ಪೂರ್ತಿ ಸಾಲದು.

ಎರಡನೆಯ ನೆರೆಯ ಬಳಿಕ ಊರು ಕಠಿನವಾದ ಪ್ರಶ್ನೆಯನ್ನು ಎದುರಿಸಿತು: ಉಳಿಸಬೇಕಾದುದು ಹಳೆಯ ಕಟ್ಟಡಗಳನ್ನೋ, ಜನರನ್ನೋ? 2019ರಲ್ಲಿ ಆರಿಸಿದ ಯೋಜನೆಯಲ್ಲಿ ನೀರು ತಡೆಯುವ ಕೊಳಗಳೂ, ಬಂಡೆಯನ್ನು ಕೊರೆದು ನೆರೆನೀರನ್ನು ನದಿಗೊಯ್ಯುವ ಸುರಂಗವೂ, ಕೆಲವು ಕಟ್ಟಡಗಳನ್ನು ಕೆಡವಿ ತೊರೆಗೆ ಎಡೆಮಾಡುವುದೂ ಸೇರಿದ್ದವು. ತೊರೆಯ ಹಾದಿಯನ್ನು ನಾವು ಕಿರಿದಾಗಿಸಬಹುದು. ಅದರ ನೀರನ್ನು ಕಿರಿದಾಗಿಸಲಾರೆವು.